ಹಳೇ ಪ್ಲೇಟು, ಕ್ಯಾಸೆಟ್, ಹಾಡಿನ ಪುಸ್ತಕ: ನೆಟ್‌ಗೆ ಹಾಕುವ ಮುಂಚೆ ಕಾಪಿರೈಟ್ ಲೆಕ್ಕ ಹಾಕುವುದು ಹೇಗೆ

ಅಪ್ಪ ತೀರಿಕೊಂಡ ಮರುವರ್ಷ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ಇಳಿಸಿದೆವು. ಒಳಗೆ ಇನ್ನೂರಕ್ಕೂ ಜಾಸ್ತಿ ಕ್ಯಾಸೆಟ್. ಅಮ್ಮನ ಹಳೇ ಸೀರೆಯಲ್ಲಿ ಸುತ್ತಿಟ್ಟ ಹನ್ನೊಂದು ಗ್ರಾಮಫೋನ್ ಪ್ಲೇಟು. ಜೊತೆಗೆ ಸಿನಿಮಾ ಹಾಡಿನ ಪುಸ್ತಕಗಳ ಒಂದು ಕಟ್ಟು. ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಕರಗಿ ಮೇಲಿನ ಪುಸ್ತಕಕ್ಕೆ ಅಂಟಿಕೊಂಡಿತ್ತು.

ಆ ವಾರವೇ ಒಂದು ಸಂಗೀತ ಕಚೇರಿಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕಿಬಿಟ್ಟೆ. ಮೂರನೇ ದಿನ ಫೋನ್ ಬಂತು. ಆ ಗಾಯಕರ ಮಗಳು. ಜಗಳ ಆಡಲಿಲ್ಲ. "ಅಪ್ಪಂಗೆ ಆವತ್ತು ಜ್ವರ ಇತ್ತು ಕಣ್ರೀ. ಆ ಕಚೇರಿ ಯಾರೂ ಕೇಳಬಾರದು ಅಂತ ಅವರೇ ಹೇಳ್ತಿದ್ರು. ದಯವಿಟ್ಟು ತೆಗೀತೀರಾ?" ಅಂದರು. ತೆಗೆದೆ. ಅಷ್ಟು ಹೊತ್ತಿಗೆ ಅದು ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಹೋಗಿ ಆಗಿತ್ತು. ಅಲ್ಲಿಂದ ತೆಗೆಯೋದಕ್ಕೆ ನನ್ನ ಕೈಲಿ ಏನೂ ಇರಲಿಲ್ಲ.

ಆಮೇಲೆ ಕೂತು ಕಾನೂನು ಓದಿದೆ. ನಾನು ವಕೀಲನಲ್ಲ. ಹತ್ತು ವರ್ಷ ಇದೇ ಹುಚ್ಚಿನಲ್ಲಿ ಓಡಾಡಿದವನು, ಅಷ್ಟೇ. ಕೋರ್ಟಿನ ಮಾತು ಬಂದರೆ ವಕೀಲರ ಹತ್ತಿರವೇ ಹೋಗಿ. ಆದರೆ ಒಂದು ಹಾಡನ್ನು ಹಂಚಬಹುದಾ, ಬೇಡವಾ ಅನ್ನೋದನ್ನು ಮನೆಯಲ್ಲೇ ಕೂತು ಒಂದು ಪೆನ್ನು, ಕಾಗದ ಇಟ್ಟುಕೊಂಡು ಬಹುಮಟ್ಟಿಗೆ ತೀರ್ಮಾನ ಮಾಡಬಹುದು.

ಹೆಜ್ಜೆ 1: ಕೈಯಲ್ಲಿರುವುದು ಏನು ಅಂತ ಬರೆದುಕೊಳ್ಳಿ

ಪ್ಲೇಟು ನಿಮ್ಮದು, ಹಾಡು ನಿಮ್ಮದಲ್ಲ. ಎಲ್ಲ ಗೊಂದಲವೂ ಇಲ್ಲಿಂದಲೇ ಶುರು. "ದುಡ್ಡು ಕೊಟ್ಟು ತಗೊಂಡಿದ್ದೀನಿ, ನನ್ನ ಇಷ್ಟ" ಅನ್ನೋದು ಪ್ಲೇಟಿನ ಮಟ್ಟಿಗೆ ಸರಿ. ಕೇಳಿ, ಸ್ನೇಹಿತರಿಗೆ ಕೇಳಲು ಕೊಡಿ, ಗೋಡೆಗೆ ನೇತುಹಾಕಿ. ಅದರ ಇನ್ನೊಂದು ಪ್ರತಿ ಮಾಡಿ ಊರಿಗೆ ಹಂಚುವ ಹಕ್ಕು ಮಾತ್ರ ಆ ದುಡ್ಡಿಗೆ ಬಂದಿರುವುದಿಲ್ಲ.

ಈಗ ವಸ್ತುವನ್ನು ಕೈಗೆ ತಗೊಳ್ಳಿ. 78 ಆರ್‌ಪಿಎಂ ಪ್ಲೇಟಾದರೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟಾದರೆ, ನಡುವಿನ ಲೇಬಲ್ಲಿನಲ್ಲಿ ಕಂಪನಿ, ಹಾಡಿನ ಮೊದಲ ಸಾಲು, ಹಾಡಿದವರು, ಕೆಲವೊಮ್ಮೆ ರಾಗ ತಾಳ, ಒಂದು ಕ್ಯಾಟಲಾಗ್ ನಂಬರ್ ಇರುತ್ತದೆ. ಲೇಬಲ್ಲಿಗೂ ಗೆರೆಗಳಿಗೂ ನಡುವೆ ನುಣುಪಾದ ಜಾಗ ಇರುತ್ತದಲ್ಲ, ಅಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಕೆತ್ತಿದ ಹಾಗೆ ಇನ್ನೊಂದು ನಂಬರ್ ಕಾಣುತ್ತದೆ. ಅದು ಮ್ಯಾಟ್ರಿಕ್ಸ್ ನಂಬರ್. ಲೇಬಲ್ ಹರಿದುಹೋದ ಪ್ಲೇಟಿಗೆ ಅದೇ ಆಧಾರ್ ಕಾರ್ಡು. ಎರಡನ್ನೂ ಬರೆದುಕೊಳ್ಳಿ. ವರ್ಷ ಸಾಮಾನ್ಯವಾಗಿ ಇರುವುದಿಲ್ಲ. ಸಿನಿಮಾ ಹಾಡಾದರೆ ಸಿನಿಮಾ ಬಿಡುಗಡೆಯಾದ ವರ್ಷದಿಂದ, ಇಲ್ಲದಿದ್ದರೆ ಕಂಪನಿಗಳ ಹಳೇ ಪಟ್ಟಿ, ಆ ಕಾಲದ ಪತ್ರಿಕೆ ಜಾಹೀರಾತುಗಳಿಂದ ಹುಡುಕಬೇಕು.

ಕ್ಯಾಸೆಟ್, ಸಿ.ಡಿ.ಯಲ್ಲಿ ಈ ಕೆಲಸ ಸುಲಭ. 1984ರ ತಿದ್ದುಪಡಿ ಆದ ಮೇಲೆ ತಯಾರಕರ ಹೆಸರು ವಿಳಾಸ, ಹಕ್ಕುದಾರರ ಹೆಸರು, ಮೊದಲು ಬಿಡುಗಡೆಯಾದ ವರ್ಷ ಮುದ್ರಿಸಲೇಬೇಕು. ಒಳಗಿನ ಕಾಗದದಲ್ಲಿ ವೃತ್ತದೊಳಗೆ 'ಪಿ' ಅಕ್ಷರ ಇದ್ದರೆ ಅದರ ಪಕ್ಕದ ವರ್ಷ ಧ್ವನಿಮುದ್ರಣದ್ದು. ವೃತ್ತದೊಳಗೆ 'ಸಿ' ಇದ್ದರೆ ಸಾಮಾನ್ಯವಾಗಿ ಅದು ಮುಖಪುಟದ ಚಿತ್ರ, ಬರಹದ್ದು.

ಇಲ್ಲಿ ಒಂದು ಮೋಸ ಇದೆ. 1960ರ ಹಾಡು 1982ರಲ್ಲಿ ಕ್ಯಾಸೆಟ್ಟಾಗಿ ಮತ್ತೆ ಬಂದಿರುತ್ತದೆ. ಹಾಡಿನ ಲೆಕ್ಕಕ್ಕೆ 1960 ಬೇಕು, 1982 ಅಲ್ಲ. ಕ್ಯಾಸೆಟ್ಟಿನ ಮುಖಪುಟಕ್ಕೆ ಮಾತ್ರ 1982.

ಹೆಜ್ಜೆ 2: ಪದರ ಬಿಡಿಸಿ

ಕಾನೂನಿನ ಕಣ್ಣಲ್ಲಿ ಒಂದು ಹಾಡು ಅಂದರೆ ಒಂದು ವಸ್ತು ಅಲ್ಲ. ಈರುಳ್ಳಿ ತರ ಪದರ ಪದರ.

ಸಾಹಿತ್ಯ ಒಂದು ಪದರ. ಅದನ್ನು ಬರೆದವರ ಜೀವಿತಾವಧಿ, ಅವರು ತೀರಿಕೊಂಡ ಮೇಲೆ 60 ವರ್ಷ. ಸಂಗೀತ ಇನ್ನೊಂದು ಪದರ. ರಾಗ ಹಾಕಿದವರಿಗೂ ಅದೇ ಲೆಕ್ಕ. ಧ್ವನಿಮುದ್ರಣ ಮೂರನೆಯದು. ಅದು ಮುದ್ರಿಸಿದ ಕಂಪನಿ ಅಥವಾ ನಿರ್ಮಾಪಕರದ್ದು, ಬಿಡುಗಡೆಯಾದ ಮೇಲೆ 60 ವರ್ಷ. ಹಾಡಿದವರು, ನುಡಿಸಿದವರಿಗೆ 'ಪ್ರದರ್ಶಕರ ಹಕ್ಕು' ಅಂತ ಬೇರೆಯೇ ಇದೆ, ಅದಕ್ಕೆ 50 ವರ್ಷ. ರೇಡಿಯೋ, ಟೀವಿಯಲ್ಲಿ ಬಂದದ್ದಾದರೆ ಪ್ರಸಾರ ಮಾಡಿದ ಸಂಸ್ಥೆಗೆ 25 ವರ್ಷ. ಕವರಿನ ಚಿತ್ರಕ್ಕೆ ಚಿತ್ರಕಾರರು ಸತ್ತ ಮೇಲೆ 60 ವರ್ಷ. ಚಿತ್ರ ಬರೆದವರ ಹೆಸರೇ ಇಲ್ಲದಿದ್ದರೆ ಪ್ರಕಟವಾದ ಮೇಲೆ 60.

ಯಾಕೆ 60? ಮೊದಲು 50 ಇತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ. 1991ರ ಕೊನೆಗೆ ಅವರ ಕೃತಿಗಳ ಹಕ್ಕು ಮುಗಿಯಬೇಕಿತ್ತು. ಅದೇ ಸಮಯಕ್ಕೆ ಕಾನೂನು ತಿದ್ದಿ 10 ವರ್ಷ ಸೇರಿಸಿದರು. ಅದರ ಬಿಸಿ ನಮ್ಮ ಕನ್ನಡ ಭಾವಗೀತೆ ಕ್ಯಾಸೆಟ್ಟಿಗೂ ತಾಗುತ್ತದೆ, ನೋಡಿ.

ಹೆಜ್ಜೆ 3: ಬೆರಳೆಣಿಕೆ

ಎಲ್ಲ ಅವಧಿಯೂ ಮುಂದಿನ ವರ್ಷದ ಜನವರಿ 1ರಿಂದ ಎಣಿಸಬೇಕು. ಅದಕ್ಕೆ ನಾನು ಒಂದು ಸುಲಭದ ಲೆಕ್ಕ ಮಾಡಿಕೊಂಡಿದ್ದೇನೆ. 60 ಇರುವ ಕಡೆ 61 ಸೇರಿಸಿ, 50 ಇರುವ ಕಡೆ 51, 25 ಇರುವ ಕಡೆ 26. ಬಂದ ವರ್ಷದ ಜನವರಿ 1ಕ್ಕೆ ಆ ಪದರ ಎಲ್ಲರದ್ದೂ ಆಗುತ್ತದೆ.

ಟ್ರಂಕಿನಿಂದಲೇ ಒಂದು ತೆಗೆಯೋಣ. 'ನಿತ್ಯೋತ್ಸವ'. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೆಸರಾದದ್ದು, 1978ರಲ್ಲಿ ಬಂತು. ಧ್ವನಿಮುದ್ರಣ: 1978ಕ್ಕೆ 61 ಸೇರಿಸಿದರೆ 2039. ರಾಗ ಹಾಕಿದ ಮೈಸೂರು ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ. 61 ಸೇರಿಸಿ, 2056. ಕವಿ ನಿಸಾರ್ ಅಹಮದ್ ನಮ್ಮನ್ನು ಬಿಟ್ಟು ಹೋದದ್ದು 2020ರಲ್ಲಿ. 2081. ಒಂದೇ ಕ್ಯಾಸೆಟ್ಟು, ಮೂರು ತಾರೀಖು. ಕೊನೆಯ ಪದರ ಬಿಡುವ ತನಕ ಇಡೀ ಹಾಡು ಬಿಡುವುದಿಲ್ಲ. ಅಂದರೆ ಇದನ್ನು ಅನುಮತಿ ಇಲ್ಲದೆ ಹಂಚುವ ಕಾಲಕ್ಕೆ ನಾನಂತೂ ಇರುವುದಿಲ್ಲ.

ಇನ್ನೊಂದು, 'ರಣಧೀರ ಕಂಠೀರವ' ಚಿತ್ರದ ಹಾಡು. 1960ರ ಸಿನಿಮಾ. ಪ್ಲೇಟೂ ಅದೇ ವರ್ಷ ಬಂದಿದ್ದರೆ ಧ್ವನಿಮುದ್ರಣದ ಹಕ್ಕು 2021ರ ಜನವರಿ 1ಕ್ಕೆ ಮುಗಿಯಿತು. ಇಷ್ಟು ನೋಡಿ ಖುಷಿಯಿಂದ ಅಪ್‌ಲೋಡ್ ಮಾಡಿದವರು ಬೇಕಾದಷ್ಟು ಜನ. ಆದರೆ ಸಂಗೀತ ಜಿ.ಕೆ. ವೆಂಕಟೇಶ್ ಅವರದ್ದು. ಅವರು ತೀರಿಕೊಂಡದ್ದು 1993ರಲ್ಲಿ. ಆ ಪದರ 2054ರ ತನಕ ಗಟ್ಟಿ. ಸಾಹಿತ್ಯಕ್ಕೆ ಮತ್ತೆ ಬೇರೆ ಲೆಕ್ಕ. ಸಿನಿಮಾ ಹಾಡಿನಲ್ಲಿ ಈ ಹಕ್ಕು ಕರಾರಿನ ಪ್ರಕಾರ ನಿರ್ಮಾಪಕರಿಗೋ ಕಂಪನಿಗೋ ಹೋಗಿರಬಹುದು. ಹಕ್ಕು ಯಾರ ಕೈಗೆ ಹೋದರೂ ಎಣಿಕೆ ಮಾತ್ರ ಬರೆದವರ, ರಾಗ ಹಾಕಿದವರ ಆಯಸ್ಸಿನ ಮೇಲೆಯೇ.

ಶಾಸ್ತ್ರೀಯ ಸಂಗೀತದಲ್ಲಿ ಇದು ತಿರುಗುಮುರುಗು. ಪುರಂದರದಾಸರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಕೃತಿಗಳು 2022ರ ಜನವರಿ 1ರಿಂದ ಎಲ್ಲರದ್ದು. ನೀವು ಹಾಡಿ ಹಾಕಿ, ಸ್ವರಪ್ರಸ್ತಾರ ಬರೆದು ಹಾಕಿ, ಯಾರೂ ಕೇಳುವ ಹಾಗಿಲ್ಲ. ಅದೇ ಕೃತಿಯನ್ನು 1985ರಲ್ಲಿ ಯಾರೋ ಹಾಡಿ ಬಿಡುಗಡೆ ಮಾಡಿದ ಕ್ಯಾಸೆಟ್ ಇದ್ದರೆ ಅದು 2046ರ ತನಕ ಕಂಪನಿಯದ್ದು. ಕೃತಿ ಬಿಡುಗಡೆ ಆಯಿತು, ಕ್ಯಾಸೆಟ್ ಆಗಲಿಲ್ಲ.

ಶರೀಫರ ಪದಗಳಲ್ಲಿ ಹೀಗೆ ಎಡವಿದವರು ಜಾಸ್ತಿ. ಶಿಶುನಾಳ ಶರೀಫರು 1889ರಲ್ಲೇ ತೀರಿಕೊಂಡವರು. ಸಾಹಿತ್ಯ ಪೂರ್ತಿ ಮುಕ್ತ. ಆದರೆ ನಮ್ಮ ಕಿವಿಯಲ್ಲಿರುವ ಎಷ್ಟೋ ಪದಗಳ ಧಾಟಿ ಸಿ. ಅಶ್ವಥ್ ಕೂಡಿಸಿದ್ದು. ಅವರು ತೀರಿಕೊಂಡದ್ದು 2009ರಲ್ಲಿ. ಆ ಧಾಟಿ 2070ರ ತನಕ ಹಕ್ಕಿನೊಳಗೆ. ಊರ ಭಜನೆ ಮೇಳದವರು ಹಿಂದಿನಿಂದ ಹಾಡಿಕೊಂಡು ಬಂದ ಧಾಟಿಯಲ್ಲಿ ಹಾಡಿದರೆ ಆ ಪ್ರಶ್ನೆಯೇ ಇಲ್ಲ.

ಇನ್ನು ಯಾವ ತಕರಾರೂ ಇಲ್ಲದ್ದು ಬೇಕು ಅಂದರೆ ಗೌಹರ್ ಜಾನ್. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿ ಆಕೆಯ ಹಾಡು ಮುದ್ರಿಸಿತು. ಹಾಡು ಮುಗಿದ ತಕ್ಷಣ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾರೆ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ 1902ರ ಪ್ಲೇಟು ನಿಮ್ಮ ಹತ್ತಿರ ಇದ್ದರೆ ಧೈರ್ಯವಾಗಿ ಹಾಕಿ. ನನಗೂ ಒಂದು ಲಿಂಕ್ ಕಳಿಸಿ.

ಹೆಜ್ಜೆ 4: ಸ್ವಂತಕ್ಕಾ, ಸಾರ್ವಜನಿಕಕ್ಕಾ?

ನಿಮ್ಮದೇ ಕ್ಯಾಸೆಟ್ಟನ್ನು ನಿಮ್ಮ ಫೋನಿಗೆ ಇಳಿಸಿಕೊಂಡು ಕೇಳುವುದಕ್ಕೆ, ಅಧ್ಯಯನಕ್ಕೆ ಬಳಸುವುದಕ್ಕೆ ಕಾನೂನಿನಲ್ಲೇ ಜಾಗ ಇದೆ. 1957ರ ಕಾಪಿರೈಟ್ ಕಾಯಿದೆಯ 52ನೇ ಕಲಮಿನಲ್ಲಿ ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗಿನ ಬಳಕೆ ತಪ್ಪಲ್ಲ ಅಂತ ಇದೆ. ಹಾಗಾಗಿ ಡಿಜಿಟಲ್ ಮಾಡಲು ಯಾರನ್ನೂ ಕೇಳುತ್ತಾ ಕೂರಬೇಡಿ. ಟೇಪು ಕಾಯುವುದಿಲ್ಲ. ಮಲೆನಾಡಿನ ಒಂದು ಮಳೆಗಾಲ ಸಾಕು, ಬೂಷ್ಟು ಹಿಡಿಯುತ್ತದೆ.

ಡಿಜಿಟಲ್ ಮಾಡುವ ಬಗ್ಗೆ ಎರಡೇ ಮಾತು. 78ರ ಪ್ಲೇಟಿಗೆ ಎಲ್‌ಪಿ ಮುಳ್ಳು ಬೇಡ, ಅದರದ್ದೇ ದಪ್ಪ ಮುಳ್ಳು ಬೇಕು. ಆ ಪ್ಲೇಟನ್ನು ಸ್ಪಿರಿಟ್ಟಿನಲ್ಲಿ ಒರೆಸಲೇಬೇಡಿ. ಅದು ಅರಗಿನದ್ದು, ಕರಗುತ್ತದೆ. ಮೂಲ ಪ್ರತಿಯನ್ನು ವೇವ್ ಫೈಲಿನಲ್ಲಿ ಇಡಿ, ಹಂಚಲು ಬೇಕಾದರೆ ಎಂಪಿ3 ಮಾಡಿಕೊಳ್ಳಿ.

ಸ್ವಂತ ಬಳಕೆಯ ಗೆರೆ ಎಲ್ಲಿ ಮುಗಿಯುತ್ತದೆ? ಮನೆಯವರಿಗೆ, ಜೊತೆಯಲ್ಲಿ ಕೂತು ಕೇಳುವ ಸ್ನೇಹಿತನಿಗೆ ಕೇಳಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೂರು ಜನರ ವಾಟ್ಸಾಪ್ ಗುಂಪು ಮನೆ ಅಲ್ಲ. ಟೆಲಿಗ್ರಾಂ ಚಾನೆಲ್ಲಂತೂ ಅಲ್ಲವೇ ಅಲ್ಲ. 'ಸಾರ್ವಜನಿಕರಿಗೆ ತಲುಪಿಸುವುದು' ಅಂದರೆ ಜನ ಕೇಳಿದರೋ ಇಲ್ಲವೋ ಅನ್ನೋದು ಮುಖ್ಯ ಅಲ್ಲ, ಕೇಳುವ ಹಾಗೆ ಇಟ್ಟರೆ ಸಾಕು ಅಂತ ಕಾಯಿದೆಯೇ ಹೇಳುತ್ತದೆ. ಗುಂಪಿಗೆ 'ಖಾಸಗಿ' ಅಂತ ಹೆಸರಿಟ್ಟರೆ ಬದಲಾಗುವುದಿಲ್ಲ.

ಇದೇ ಜಾಗದಲ್ಲಿ ನಾಲ್ಕು ಪುಕಾರುಗಳನ್ನೂ ಮುಗಿಸಿಬಿಡುತ್ತೇನೆ. "30 ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ" ಅನ್ನುವ ನಿಯಮ ನಮ್ಮ ಕಾಯಿದೆಯಲ್ಲಿ ಎಲ್ಲೂ ಇಲ್ಲ. "ಹಕ್ಕು ಮೂಲ ಮಾಲೀಕರದ್ದು, ಇದು ಬರೀ ಮನರಂಜನೆಗೆ" ಅಂತ ಕೆಳಗೆ ಬರೆದರೆ, ಬೇರೆಯವರದ್ದು ಅಂತ ಗೊತ್ತಿದ್ದೂ ಹಾಕಿದ್ದೀನಿ ಅಂತ ನೀವೇ ಒಪ್ಪಿಕೊಂಡ ಹಾಗೆ. "ದುಡ್ಡು ಮಾಡ್ತಿಲ್ಲ" ಅನ್ನೋದಕ್ಕೆ ಸ್ವಲ್ಪ ಬೆಲೆ ಇದೆ: ಗೊತ್ತಿದ್ದೂ ಹಕ್ಕು ಮುರಿದರೆ ಶಿಕ್ಷೆ 6 ತಿಂಗಳಿಂದ 3 ವರ್ಷ, ದಂಡ 50,000ದಿಂದ 2 ಲಕ್ಷ ರೂಪಾಯಿ. ಲಾಭಕ್ಕೆ ಮಾಡಿದ್ದಲ್ಲ ಅಂದರೆ ಕಾರಣ ಬರೆದು ಕೋರ್ಟು ಇದನ್ನು ಇಳಿಸಬಹುದು. ಇಳಿಸಬಹುದು, ಅಷ್ಟೇ. ತಪ್ಪು ತಪ್ಪೇ. ಇನ್ನು "ಆ ಕಂಪನಿ ಎಂದೋ ಮುಚ್ಚಿತು" ಅನ್ನೋದು. ಕಂಪನಿ ಮುಚ್ಚಿದರೂ ಹಕ್ಕು ಯಾರಿಗಾದರೂ ಮಾರಾಟವಾಗಿರುತ್ತದೆ. ಹಳೇ ಎಚ್‌ಎಂವಿ ಹಾಡುಗಳು ಈಗ ಸರೆಗಮದ ಹೆಸರಲ್ಲಿ ಇಲ್ವಾ, ಹಾಗೆ.

ಅಂದಹಾಗೆ, 1985ರ ಕರ್ನಾಟಕದ ಗೂಂಡಾ ಕಾಯಿದೆಯ ಪೂರ್ತಿ ಹೆಸರನ್ನು ಒಮ್ಮೆ ಓದಿ. ಕಳ್ಳಭಟ್ಟಿಯವರು, ಜೂಜುಕೋರರು, ಕೊಳಚೆ ಜಾಗ ಕಬಳಿಸುವವರ ಸಾಲಿನಲ್ಲೇ ಆಡಿಯೋ, ವಿಡಿಯೋ ಪೈರಸಿಯವರೂ ಇದ್ದಾರೆ. ಮುನ್ನೆಚ್ಚರಿಕೆಯ ಬಂಧನಕ್ಕೆ ಅವಕಾಶ ಕೊಡುವ ಕಾಯಿದೆ ಅದು. ನಮ್ಮಂಥ ಹಳೇ ಕ್ಯಾಸೆಟ್ ಹುಚ್ಚರನ್ನು ಹಿಡಿಯಲು ಮಾಡಿದ್ದಲ್ಲ, ದಂಧೆಯವರಿಗೆ. ಆದರೂ ಆ ಸಾಲಿನಲ್ಲಿ ನಮ್ಮ ಹವ್ಯಾಸದ ನೆಂಟರನ್ನು ನೋಡಿ ನಾನು ಒಂದು ಕ್ಷಣ ಸುಮ್ಮನಾದೆ.

ಹೆಜ್ಜೆ 5: ಕಚೇರಿ ಮತ್ತು ರೇಡಿಯೋ ರೆಕಾರ್ಡಿಂಗ್

ಇದು ಎಲ್ಲಕ್ಕಿಂತ ಸೂಕ್ಷ್ಮ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳು, ಗಾಯನ ಸಮಾಜದ ಸಂಜೆಗಳು. ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ತೊಡೆ ಮೇಲಿಟ್ಟುಕೊಂಡು ಕೂತ ಮಾವಂದಿರನ್ನು ನೀವೂ ನೋಡಿರುತ್ತೀರಿ. ಆ ಟೇಪುಗಳೇ ಇವತ್ತು ನಮ್ಮ ನಿಧಿ. ಆದರೆ ಅವು ಬಿಡುಗಡೆಗೆ ಅಂತ ಮುದ್ರಿಸಿದ್ದಲ್ಲ.

ಕಚೇರಿ ನಡೆದ ವರ್ಷಕ್ಕೆ 51 ಸೇರಿಸಿ. ಅಲ್ಲಿಯ ತನಕ ಹಾಡಿದವರ ಒಪ್ಪಿಗೆ ಇಲ್ಲದೆ ಹಂಚುವ ಹಾಗಿಲ್ಲ. ಎಲ್ಲರೂ ಮರೆಯುವುದು ಒಂದಿದೆ: 'ಹಾಡಿದವರು' ಅಂದರೆ ನಡುವೆ ಕೂತವರು ಮಾತ್ರ ಅಲ್ಲ. ಪಿಟೀಲು, ಮೃದಂಗ, ಘಟ ಎಲ್ಲರೂ ಪ್ರದರ್ಶಕರೇ. ಮುಖ್ಯ ಗಾಯಕರ ಮನೆಯವರು ಹೂಂ ಅಂದರು, ಮೃದಂಗದವರ ಮಗ ಉಹೂಂ ಅಂದ ಪ್ರಸಂಗ ನನಗೇ ಆಗಿದೆ. ತನಿ ಆವರ್ತನ, ಅಂದರೆ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ, ಕತ್ತರಿಸಿ ಹಾಕಲಾ ಅಂತ ಕೇಳಿ ಇನ್ನಷ್ಟು ಬೈಸಿಕೊಂಡೆ. ಸರಿಯಾಗಿಯೇ ಬೈದರು. ಪ್ರದರ್ಶನವನ್ನು ಹೆಸರು ಕೆಡುವ ಹಾಗೆ ಕತ್ತರಿಸಬಾರದು ಅನ್ನುವ ಹಕ್ಕೂ ಕಲಾವಿದರಿಗೆ ಇದೆ.

ರೇಡಿಯೋದಿಂದ ಹಿಡಿದದ್ದಾದರೆ ಇನ್ನೂ ಎರಡು ಪದರ ಸೇರಿಸಿ. ಆಕಾಶವಾಣಿಯ ಪ್ರಸಾರದ ಹಕ್ಕು 25 ವರ್ಷಕ್ಕೆ ಮುಗಿಯುತ್ತದೆ ನಿಜ. ಆದರೆ ಅವರ ಸ್ಟುಡಿಯೋದಲ್ಲಿ ಮುದ್ರಿಸಿದ್ದು ಅಂದರೆ ಅದು ಧ್ವನಿಮುದ್ರಣ, 60 ವರ್ಷದ್ದು. ಪ್ರಸಾರ ಆಗುವುದೂ ಕಾನೂನಿನ ಲೆಕ್ಕದಲ್ಲಿ ಪ್ರಕಟಣೆಯೇ, ಹಾಗಾಗಿ ಮೊದಲ ಪ್ರಸಾರದ ವರ್ಷದಿಂದ ಎಣಿಸಿ. "25 ವರ್ಷ ಆಯ್ತು, ಫ್ರೀ" ಅನ್ನುವವರು ಈ ಎರಡನೇ ಲೆಕ್ಕ ಮಾಡಿರುವುದಿಲ್ಲ.

ಹೆಜ್ಜೆ 6: ಹಕ್ಕು ಇನ್ನೂ ಇದೆ ಅಂದರೆ? ಜಾತಕ ಹಂಚಿ

ಟ್ರಂಕಿನ ಮುಕ್ಕಾಲು ಪಾಲು ಹಂಚಲಾಗದ್ದೇ ಅಂತ ಗೊತ್ತಾದಾಗ ನನಗೂ ಬೇಜಾರಾಗಿತ್ತು. ಆಮೇಲೆ ಹೊಳೆಯಿತು. ಹಾಡಿಗೆ ಹಕ್ಕಿದೆ, ಹಾಡಿನ ಜಾತಕಕ್ಕೆ ಇಲ್ಲ.

ಬರೀ ಮಾಹಿತಿಗೆ ಕಾಪಿರೈಟ್ ಇರುವುದಿಲ್ಲ. ಕ್ಯಾಟಲಾಗ್ ನಂಬರ್, ಮ್ಯಾಟ್ರಿಕ್ಸ್ ನಂಬರ್, ಯಾವ ಊರು, ಯಾವ ದಿನ, ಯಾವ ರಾಗ, ಯಾವ ತಾಳ, ಎಷ್ಟು ನಿಮಿಷ, ಪಕ್ಕವಾದ್ಯದಲ್ಲಿ ಯಾರು, ಪಲ್ಲವಿ ಎಲ್ಲಿಂದ ಎತ್ತಿಕೊಂಡರು, ಯಾವ ಬದಿಯಲ್ಲಿ ಟೇಪ್ ಮುಗಿದು ಮಂಗಳ ತಪ್ಪಿಹೋಯಿತು. ಎಲ್ಲವನ್ನೂ ನಿಮ್ಮ ಮಾತಿನಲ್ಲಿ ಬರೆದು ಧಾರಾಳವಾಗಿ ಹಂಚಿ. ಸಂಗ್ರಹಕಾರರಿಗೆ ನಿಜವಾಗಿ ಬೇಕಾದದ್ದೂ ಅದೇ. ಎಂಪಿ3 ಎಲ್ಲೋ ಸಿಗುತ್ತದೆ. ಅದು ಯಾವ ವರ್ಷದ್ದು, ಪಿಟೀಲು ಯಾರದ್ದು ಅನ್ನೋದು ಸಿಗುವುದಿಲ್ಲ. ನಾನು ಹಾಕಿದ ಒಂದು ಪಟ್ಟಿಯನ್ನು ನೋಡಿ ಧಾರವಾಡದ ಹಿರಿಯರೊಬ್ಬರು ಬರೆದರು: "ನೀವು ಹೇಳಿದ ತಾರೀಖು ತಪ್ಪದ, ನಾ ಆ ಕಚೇರಿಗೆ ಹೋಗಿದ್ದೆ, ಆವತ್ತು ನಮ್ಮ ಅಕ್ಕನ ಲಗ್ನ." ಒಂದು ಲಗ್ನಪತ್ರಿಕೆಯಿಂದ ಆರು ಕ್ಯಾಸೆಟ್ಟಿನ ತಾರೀಖು ಸರಿಯಾಯಿತು.

ಹಾಡಿನ ಪುಸ್ತಕಕ್ಕೂ ಇದೇ ದಾರಿ. ಟಾಕೀಸಿನ ಹೊರಗೆ ಕೆಲವೇ ಕಾಸಿಗೆ ಮಾರುತ್ತಿದ್ದ ಆ ತೆಳ್ಳನೆಯ ಪುಸ್ತಕದಲ್ಲಿ ಕಥಾಸಾರಾಂಶ, ಹಾಡುಗಳು, ತಾರಾಗಣ ಎಲ್ಲ ಇರುತ್ತದೆ. ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದರೆ ಅಷ್ಟೂ ಸಾಹಿತ್ಯವನ್ನು ಹಂಚಿದ ಹಾಗೆ. ತಾರಾಗಣ, ತಂತ್ರಜ್ಞರ ಪಟ್ಟಿ, ಹಾಡುಗಳ ಮೊದಲ ಸಾಲು ಬರೆದು ಹಾಕಿ. ಮುಖಪುಟದ ಬಗ್ಗೆ ಲೇಖನ ಬರೆಯುತ್ತಿದ್ದರೆ ಅದರ ಒಂದು ಸಣ್ಣ ಚಿತ್ರ ಜೊತೆಗೆ ಹಾಕುವುದು ವಿಮರ್ಶೆಯ ಬಳಕೆ ಅಂತ ವಾದಿಸಬಹುದು. ಬರೀ ಚಿತ್ರಗಳ ಆಲ್ಬಂ ಮಾಡಿದರೆ ಆ ವಾದ ನಿಲ್ಲುವುದು ಕಷ್ಟ.

ಒಂದು ಕಿರಿಕಿರಿ ಹೇಳಿಬಿಡುತ್ತೇನೆ. ಬೇರೆಯವರ ಪುಸ್ತಕ ಸ್ಕ್ಯಾನ್ ಮಾಡಿ ನಡುಮಧ್ಯೆ ತಮ್ಮ ಹೆಸರಿನ ಮುದ್ರೆ ಒತ್ತುವವರು. ಬರೀ ಶ್ರಮಪಟ್ಟ ಮಾತ್ರಕ್ಕೆ ಹೊಸ ಕಾಪಿರೈಟ್ ಹುಟ್ಟುವುದಿಲ್ಲ, ಸ್ವಲ್ಪವಾದರೂ ಸ್ವಂತಿಕೆ ಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಸ್ಕ್ಯಾನರ್ ಗುಂಡಿ ಒತ್ತುವುದರಲ್ಲಿ ಎಂಥ ಸ್ವಂತಿಕೆ? ಸಂಗ್ರಹ ಕೊಟ್ಟವರ ಹೆಸರನ್ನು ಕೆಳಗೆ ಒಂದು ಸಾಲು ಬರೆಯಿರಿ. ಅದು ಕಾನೂನಲ್ಲ, ಮರ್ಯಾದೆ.

ಹೆಜ್ಜೆ 7: ಅನುಮತಿ ಕೇಳಿ

ಕೇಳಿದರೆ ಕೊಡುವುದಿಲ್ಲ ಅಂದುಕೊಂಡಿರುತ್ತೇವೆ. ನನ್ನ ಅನುಭವದಲ್ಲಿ ಕಲಾವಿದರ ಮನೆಯವರು ಹೆಚ್ಚಾಗಿ ಕೊಡುತ್ತಾರೆ. ಕಂಪನಿಗಳು ಉತ್ತರವನ್ನೇ ಕೊಡುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಅಂತ ಅರ್ಥ ಅಲ್ಲ. ಸಾಹಿತ್ಯ, ಸಂಗೀತಕ್ಕೆ ಆದರೆ ಬರೆದವರ, ರಾಗ ಹಾಕಿದವರ ಪರವಾಗಿ ಲೈಸೆನ್ಸ್ ಕೊಡುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ವಿಚಾರಿಸಬಹುದು. ಅಲ್ಲಿ ಎಲ್ಲರೂ ಸದಸ್ಯರಲ್ಲ.

ಫೋನಿನಲ್ಲಿ "ಹಾಕ್ಕೊಳಪ್ಪ" ಅಂದದ್ದು ಸಾಲದು. ಬರಹದಲ್ಲಿ ಬೇಕು. ಎರಡು ವಿಷಯ ಮರೆಯಲೇಬೇಡಿ: ಅವಧಿ ಮತ್ತು ಜಾಗ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಜಾಗ ಬರೆಯದಿದ್ದರೆ ಭಾರತ ಮಾತ್ರ. ನೀವು ಹಾಕಿದ್ದನ್ನು ನ್ಯೂಜೆರ್ಸಿಯ ಕನ್ನಡಿಗರೂ ಕೇಳುತ್ತಾರಲ್ಲ? ನಾನು ಬಳಸುವ ಪತ್ರ ಹೀಗಿದೆ:

"ಮಾನ್ಯರೇ, ನಿಮ್ಮ ತಂದೆಯವರು ಇಂಥ ದಿನ ಇಂಥ ಕಡೆ ನಡೆಸಿದ ಕಚೇರಿಯ 47 ನಿಮಿಷದ ಧ್ವನಿಮುದ್ರಣ ನನ್ನ ಬಳಿ ಇದೆ. ಅದರ ಪ್ರತಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ, ದಯವಿಟ್ಟು ಮೊದಲು ಕೇಳಿ. ಇದನ್ನು ಇಂಥ ಜಾಲತಾಣದಲ್ಲಿ, ಜಗತ್ತಿನ ಎಲ್ಲ ಕಡೆ ಕೇಳುವ ಹಾಗೆ, 20 ವರ್ಷದ ಅವಧಿಗೆ, ಉಚಿತವಾಗಿ ಹಾಕಲು ಅನುಮತಿ ಕೋರುತ್ತೇನೆ. ಜಾಹೀರಾತು ಇರುವುದಿಲ್ಲ. ಎಲ್ಲ ಕಲಾವಿದರ ಹೆಸರೂ ಇರುತ್ತದೆ. ನೀವು ಯಾವಾಗ ತೆಗೆಯಿರಿ ಅಂದರೂ 2 ದಿನದೊಳಗೆ ತೆಗೆಯುತ್ತೇನೆ. ಕುಟುಂಬದಲ್ಲಿ ಬೇರೆ ಹಕ್ಕುದಾರರಿದ್ದರೆ ಅವರ ಸಹಿಯೂ ಇರಲಿ."

'ಮೊದಲು ಕೇಳಿ' ಅನ್ನುವ ಮಾತನ್ನು ಆ ಫೋನ್ ಬಂದ ಮೇಲೆ ಸೇರಿಸಿದ್ದು.

ಹಕ್ಕುದಾರರು ಯಾರು ಅಂತಲೇ ಗೊತ್ತಾಗದಿದ್ದರೆ ಕಾಪಿರೈಟ್ ಕಾಯಿದೆಯ 31ಎ ಕಲಮಿನಲ್ಲಿ ದಾರಿ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ, ನಿಗದಿ ಮಾಡಿದ ಹಣ ಕಟ್ಟಿ ಲೈಸೆನ್ಸ್ ಪಡೆಯುವುದು. ಒಂದು ಕ್ಯಾಸೆಟ್ಟಿಗಾಗಿ ಇಷ್ಟೆಲ್ಲ ಯಾರು ಮಾಡುತ್ತಾರೆ? ಅದಕ್ಕಿಂತ ಸಾರ್ವಜನಿಕ ಗ್ರಂಥಾಲಯಕ್ಕೆ ಮೂಲವನ್ನೇ ಕೊಟ್ಟುಬಿಡಿ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಿ ಇರುವ ಪ್ರತಿಯನ್ನು ಉಳಿಸಲು ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು.

ಹೆಜ್ಜೆ 8: ಹಾಕುವ ಜಾಲತಾಣದ ದೇಶ ನೋಡಿ

ನಮ್ಮಲ್ಲಿ ಮುಕ್ತವಾದದ್ದು ಅಮೆರಿಕದಲ್ಲೂ ಮುಕ್ತ ಅಂದುಕೊಳ್ಳಬೇಡಿ. 2018ರ ಅಲ್ಲಿನ ಕಾನೂನಿನ ಪ್ರಕಾರ 1923ಕ್ಕಿಂತ ಮುಂಚಿನ ಧ್ವನಿಮುದ್ರಣಗಳು 2022ರ ಜನವರಿ 1ರಿಂದ ಮುಕ್ತ. 1923ರಿಂದ 1946ರವರೆಗಿನವಕ್ಕೆ 100 ವರ್ಷ, ಅಂದರೆ 101 ಸೇರಿಸಿ. 1960ರ ನಮ್ಮ ಸಿನಿಮಾ ಪ್ಲೇಟು ಅಲ್ಲಿ 2067ರ ಫೆಬ್ರವರಿ 15ರ ತನಕ ಹಕ್ಕಿನೊಳಗೇ. ವಿಕಿಪೀಡಿಯದವರ ಮುಕ್ತ ಚಿತ್ರ, ಧ್ವನಿ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ಎರಡೂ ದೇಶದಲ್ಲಿ ಮುಕ್ತವಾಗಿರಬೇಕು. 78ರ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಹಂಚುತ್ತಿದ್ದ ಇಂಟರ್‌ನೆಟ್ ಆರ್ಕೈವ್ ಮೇಲೂ ದೊಡ್ಡ ಸಂಗೀತ ಕಂಪನಿಗಳು 2023ರಲ್ಲಿ ಕೇಸು ಹಾಕಿದವು, 2025ರಲ್ಲಿ ರಾಜಿ ಆಯಿತು.

ಹೆಜ್ಜೆ 9: ತಕರಾರು ಬಂದರೆ

ಯೂಟ್ಯೂಬಿನಲ್ಲಿ 'ಕ್ಲೇಮ್' ಬೇರೆ, 'ಸ್ಟ್ರೈಕ್' ಬೇರೆ. ಕ್ಲೇಮ್ ಅಂದರೆ ಯಂತ್ರ ನಿಮ್ಮ ಹಾಡನ್ನು ಗುರುತು ಹಿಡಿದಿದೆ. ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಇಲ್ಲವೇ ವಿಡಿಯೋ ಕೆಲವು ಕಡೆ ಕಾಣುವುದಿಲ್ಲ. ಚಾನೆಲ್ಲಿಗೆ ಏನೂ ಆಗುವುದಿಲ್ಲ. ಸ್ಟ್ರೈಕ್ ಅಂದರೆ ಯಾರೋ ತೆಗೆಯಿರಿ ಅಂತ ದೂರು ಕೊಟ್ಟಿದ್ದಾರೆ. 90 ದಿನದೊಳಗೆ ಮೂರಾದರೆ ಚಾನೆಲ್ ಹೋಗುತ್ತದೆ.

ನಿಮ್ಮ ಲೆಕ್ಕ ಸರಿ ಇದ್ದರೆ ಮಾತ್ರ ಎದುರು ವಾದ ಹಾಕಿ. ಅದೇ ಕೃತಿಯನ್ನು ಬೇರೆಯವರು ಹಾಡಿದ ರೆಕಾರ್ಡಿಂಗ್ ಅಂತ ತಿಳಿದು ಯಂತ್ರ ತಪ್ಪು ಮಾಡುವುದು ಕರ್ನಾಟಕ ಸಂಗೀತದಲ್ಲಿ ಮಾಮೂಲು. ಆಗ ಹೆಜ್ಜೆ 1ರಲ್ಲಿ ಬರೆದುಕೊಂಡ ನಂಬರುಗಳನ್ನು ಅಲ್ಲಿ ಹಾಕಿ. ಸುಮ್ನೆ ಸುಳ್ಳು ಹೇಳಿ ಎದುರು ವಾದಿಸಬೇಡಿ. ನಿಮ್ಮ ಹೆಸರು, ವಿಳಾಸ ದೂರು ಕೊಟ್ಟವರಿಗೆ ಹೋಗಬಹುದು.

ನಮ್ಮ ಕಾನೂನಿನಲ್ಲಿ ಹಕ್ಕುದಾರರು ಬರಹದಲ್ಲಿ ದೂರು ಕೊಟ್ಟರೆ ಜಾಲತಾಣದವರು 36 ಗಂಟೆಯೊಳಗೆ ಮುಚ್ಚಬೇಕು. ದೂರುದಾರರು 21 ದಿನದಲ್ಲಿ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಮನೆಯವರೇ ಫೋನ್ ಮಾಡಿದರೆ ಮಾತ್ರ 36 ಗಂಟೆ, 21 ದಿನ ಏನೂ ಎಣಿಸಬೇಡಿ. ಮೊದಲು ತೆಗೆಯಿರಿ, ಆಮೇಲೆ ಮಾತಾಡಿ.

ಹೆಜ್ಜೆ 10: ಡಬ್ಬಿಯಲ್ಲಿ ಚೀಟಿ ಇಡಿ

ಅಪ್ಪ ಕ್ಯಾಸೆಟ್ಟಿನ ಮೇಲೆ ಬರೆಯುತ್ತಿದ್ದದ್ದು ಇಷ್ಟೇ: 'ಚೆನ್ನಾಗಿದೆ'. ಇನ್ನೊಂದರ ಮೇಲೆ 'ಬಹಳ ಚೆನ್ನಾಗಿದೆ'. ಯಾರು, ಎಲ್ಲಿ, ಯಾವಾಗ, ಏನೂ ಇಲ್ಲ. ನಾನೀಗ ಪ್ರತಿ ಡಬ್ಬಿಯೊಳಗೂ ಒಂದು ಚೀಟಿ ಮಡಚಿ ಇಡುತ್ತೇನೆ. ಯಾರದ್ದು, ಯಾವ ವರ್ಷದ್ದು, ಯಾವ ಪದರ ಯಾವ ವರ್ಷಕ್ಕೆ ಬಿಡುತ್ತದೆ, ಅನುಮತಿ ಪತ್ರ ಯಾವ ಫೈಲಿನಲ್ಲಿದೆ. ನಿತ್ಯೋತ್ಸವದ ಚೀಟಿಯಲ್ಲಿ '2039, 2056, 2081' ಅಂತ ಬರೆದೆ. ಪಕ್ಕದಲ್ಲಿದ್ದ ಮಗಳು ನೋಡಿ, "ಅಪ್ಪ, 2081ಕ್ಕೆ ನಾನು ಅಜ್ಜಿ ಆಗಿರ್ತೀನಲ್ವಾ?" ಅಂತ ಕೇಳಿ, ಚೀಟಿಯ ಕೆಳಗೆ ತನ್ನ ಹೆಸರನ್ನೂ ಬರೆದು ಇಟ್ಟಳು.